ಮನೆಯಲ್ಲೇ ಉಳಿದ ಸಣ್ಣ ಗರಾರಿ

ನಾನು ಒಂದು ಗರಾರಿ ಬದಲಿಸಲಿಲ್ಲ. ಬದಲಿಸಿದ್ದೇನೆ ಎಂದು ತಮ್ಮನಿಗೆ ಸುಳ್ಳು ಹೇಳಿದೆ. ಹೇಳಬೇಕಾದದ್ದು ಇಷ್ಟೇ. ಇಷ್ಟನ್ನು ಹೇಳಲು ನನಗೆ ವರ್ಷಗಳೇ ಹಿಡಿದವು.

ಇವತ್ತು ಬೆಳಿಗ್ಗೆ ಹೆಂಡತಿ ಅಟ್ಟ ಝಾಡಿಸುವಾಗ ಹಳೆಯ ಬಟ್ಟೆಯ ಗಂಟೊಂದರಿಂದ ಅದು ಉರುಳಿ ಬಿತ್ತು. ಅಂಗೈಯೊಳಗೆ ಹಿಡಿಯುವಷ್ಟು ಕಬ್ಬಿಣ, ಸುತ್ತಲೂ ಹಲ್ಲು. ಅದು ಏನೆಂದು ಅವಳಿಗೆ ಗೊತ್ತಿಲ್ಲ. ತೊಳೆದು, ಒಲೆಯಿಂದ ಇಳಿಸಿದ ಚಹಾದ ಪಾತ್ರೆಯನ್ನು ಅದರ ಮೇಲಿಟ್ಟಳು. ಬಿಸಿ ತಾಗಿ ಹಲ್ಲಿನ ಸಂದಿಯ ಹಳೆಯ ಗ್ರೀಸು ಕರಗಿತು. "ಚಾ ಯಾಕೋ ಗಾಡಿ ವಾಸನಿ ಹೊಡಿಲಿಕತ್ತಾದಲ್ರಿ" ಎಂದಳು. ನಾನು ಲೋಟ ಹಿಡಿದುಕೊಂಡೇ ಕೂತೆ.

ನೀವು ಮೋಟರ್‌ಸೈಕಲ್ ಓಡಿಸುವವರಾದರೂ ಇದನ್ನು ನೋಡಿರಲಿಕ್ಕಿಲ್ಲ. ಎಂಜಿನ್ನಿನ ಪಕ್ಕ, ಒಂದು ಮುಚ್ಚಳದ ಒಳಗೆ ಇರುತ್ತದೆ. ಅಂಗಡಿಯವರು ಸ್ಪ್ರಾಕೆಟ್ ಎನ್ನುತ್ತಾರೆ, ನಾವು ಗರಾರಿ. ಇದು ತಿರುಗಿ ಚೈನನ್ನು ಎಳೆಯುತ್ತದೆ, ಚೈನು ಹಿಂದಿನ ಗಾಲಿಯನ್ನು ಎಳೆಯುತ್ತದೆ. ನಾನು ಆರನೆಯ ಇಯತ್ತೆಗೆ ಶಾಲೆ ಬಿಟ್ಟವನು, ಲೆಕ್ಕ ನನಗೆ ಬಾರದು. ಸೇಡಂನ ಮಿಸ್ತ್ರಿಯೊಬ್ಬ ತಿಳಿಸಿದ ರೀತಿಯಲ್ಲೇ ಹೇಳುತ್ತೇನೆ: "ಮುಂದಿನ ಗರಾರಿ ಸಣ್ಣದಾದ್ರ ಗಾಡಿ ಎತ್ತು ಆಗ್ತದ, ದೊಡ್ಡದಾದ್ರ ಕುದುರಿ ಆಗ್ತದ. ಎರಡೂ ಒಂದೇ ಗಾಡ್ಯಾಗ ಬೇಕಂದ್ರ ನನ್ನ ಕಡೆ ಬರಬ್ಯಾಡ್ರಿ."

ನಮಗೆ ಎರಡೂ ಬೇಕಾಗಿತ್ತು. ಅಣ್ಣ ತಮ್ಮ ಇಬ್ಬರಿಗೂ ಇದ್ದದ್ದು ಒಂದೇ ಗಾಡಿ. ನಾನು ಹಿಂದಿನ ಸೀಟಿಗೆ ಬಟ್ಟೆಯ ಗಂಟು ಕಟ್ಟಿಕೊಂಡು ಊರೂರು ತಿರುಗಿ ನೈಟಿ, ಲಂಗ ಮಾರುತ್ತಿದ್ದೆ. ಚಿತ್ತಾಪುರದಿಂದ ಹೊರಟರೆ ಆದಿತ್ಯನಗರದ ಕ್ವಾರ್ಟರ್ಸು, ಸೇಡಂ, ಕುರಕುಂಟಾ, ಒಮ್ಮೊಮ್ಮೆ ಚಿಂಚೋಳಿ ದಾಟಿ ಚಂದಾಪುರದವರೆಗೆ. ಉದ್ದನೆಯ ದಾರಿ, ಹಗುರ ಹೊರೆ. ಹದಿನೈದು ಹಲ್ಲಿನ ದೊಡ್ಡ ಗರಾರಿ ಹಾಕಿದರೆ ಎಂಜಿನ್ನು ನಿಧಾನವಾಗಿ ಬಡಿಯುತ್ತ, ಗಾಡಿ ಮಾತ್ರ ಸಲೀಸಾಗಿ ಓಡುತ್ತಿತ್ತು, ಪೆಟ್ರೋಲೂ ಉಳಿಯುತ್ತಿತ್ತು. ತಮ್ಮ ಶರಣು ವಾಡಿ ದಾರಿಯಲ್ಲಿ, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ. ಕಲ್ಲು ಕೊರೆಯುವ ಕಬ್ಬಿಣದ ಸಲಾಕೆಗಳನ್ನು ಗಾಡಿಗೆ ಕಟ್ಟಿಕೊಂಡು, ಖಣಿಯ ಕಡಿದಾದ ಏರು ಹತ್ತಿ, ಮೊನೆ ಮಾಡಿಸಲು ಶಹಾಬಾದಿಗೆ ಒಯ್ಯುವವನು ಅವನೇ. ಅವನಿಗೆ ಹದಿನಾಲ್ಕು ಹಲ್ಲಿನ ಸಣ್ಣದೇ ಬೇಕು. ಒಂದು ಹಲ್ಲಿನಿಂದ ಏನು ಬಂತು ಎನ್ನಬೇಡಿ. ಏರಿನ ನಡುವೆ ಎಂಜಿನ್ನಿಗೆ ದಮ್ಮು ಕಟ್ಟಿದಾಗ ಆ ಒಂದು ಹಲ್ಲೇ ಎಲ್ಲ.

ಹಾಗಾಗಿ ಗಾಡಿ ಕೈ ಬದಲಾಯಿಸುವಾಗಲೆಲ್ಲ ಗರಾರಿಯೂ ಬದಲಾಗಬೇಕು. ನಾಲ್ಕು ಬೋಲ್ಟು ಬಿಚ್ಚಿ, ಹಿಂದಿನ ಗಾಲಿ ಸಡಿಲಿಸಿ, ಚೈನು ಜಾರಿಸುವ ಕೆಲಸ. ಯಾರು ಗಾಡಿ ತಂದು ಬಿಡುತ್ತಾರೋ ಅವರೇ ಬದಲಿಸಬೇಕು, ಅದು ನಮ್ಮ ಕರಾರು.

ಕೊರೆಯುವ ಯಂತ್ರದ ಸದ್ದಿಗೆ ಶರಣುವಿನ ಕಿವಿ ಮೆಲ್ಲಗೆ ಹೋದವು. ಮಾತು ಉಳಿದಿತ್ತು, ಕೇಳಿಸಿಕೊಳ್ಳುವುದು ನಿಂತಿತು. ಮನೆಯಲ್ಲಿ ನಾವು ಅವನೊಡನೆ ಕೈಯಿಂದ ಮಾತಾಡಿದೆವು. ಹೆಬ್ಬೆರಳು ತೋರಿಸಿದರೆ ದೊಡ್ಡ ಗರಾರಿ, ಕಿರುಬೆರಳು ತೋರಿಸಿದರೆ ಸಣ್ಣದು. ಕಿವಿ ಹೋದವನು ಗಾಡಿ ಹೇಗೆ ಓಡಿಸುತ್ತಾನೆ ಎಂದು ನೀವು ಕೇಳಬಹುದು. ಅವನು ಪಾದದಿಂದ ಓಡಿಸುತ್ತಿದ್ದ. ಚಪ್ಪಲಿಯ ಅಟ್ಟೆ ತೆಳುವಾದಷ್ಟೂ ಅವನಿಗೆ ಖುಷಿ. ಒಮ್ಮೆ ಮಳಖೇಡದ ದಾರಿಯಲ್ಲಿ ಹಿಂದೆ ಕೂತಿದ್ದ ಶರಣು ನನ್ನ ಭುಜ ತಟ್ಟಿ, "ಗೇರ್ ಇಳಸು ಅಣ್ಣಾ, ಗಾಡಿ ಅಳಾಕತ್ತಾದ" ಎಂದ. ಕಿವಿ ನೆಟ್ಟಗಿದ್ದ ನನಗೆ ಏನೂ ಕೇಳಿಸಿರಲಿಲ್ಲ.

ನಾನು ಗರಾರಿ ಬದಲಿಸದೆ ಬಿಟ್ಟ ಆ ದಿನ ಚಂದಾಪುರದಲ್ಲಿ ಒಬ್ಬ ಅಕ್ಕ ಹಾಲುಬಣ್ಣದ ಲಂಗ ಬಿಚ್ಚಿ ನೋಡಿ, ಅದರ ಮೇಲಿದ್ದ ನನ್ನ ಗ್ರೀಸಿನ ಬೆರಳಚ್ಚನ್ನು ನೆರೆದವರಿಗೆಲ್ಲ ತೋರಿಸಿದಳು. "ಲಂಗ ಮಾರ್ತೀರೋ ಲಾರಿ ರಿಪೇರಿ ಮಾಡ್ತೀರೋ? ಸಹಿ ಬ್ಯಾರೆ ಹಾಕಿ ಕೊಡ್ಲಿಕತ್ತೀರಿ!" ಹೆಂಗಸರು ನಕ್ಕದ್ದು ಓಣಿಯ ತುದಿಯವರೆಗೂ ಕೇಳಿಸಿತು. ನಾನೂ ನಕ್ಕೆ. ಆದರೆ ಮನೆಗೆ ಬಂದವನೇ ಲಿಂಬೆಹಣ್ಣು ತಿಕ್ಕಿ ಉಗುರಿನ ಕರಿ ತೆಗೆದೆ. ತೊಳೆದ ಆ ಕೈಯಿಂದ ಮತ್ತೆ ಚೈನು ಮುಟ್ಟಲು ಮನಸ್ಸಾಗಲಿಲ್ಲ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ಮುಂಜಾನೆ ಶರಣು ಹೊರಡುವಾಗ ನಾನಿನ್ನೂ ಹೊದ್ದು ಮಲಗಿದ್ದೆ. "ಅಣ್ಣಾ, ಸಣ್ಣದು ಹಾಕೀದಿಲ್ಲ?" ಎಂದು ಕೇಳಿದ. ನಾನು ಚಾದರಿನಿಂದ ಕಿರುಬೆರಳೊಂದನ್ನೇ ಹೊರಗೆ ಚಾಚಿದೆ.

ಸಲಾಕೆ ಹೊತ್ತು ಏರುತ್ತಿದ್ದ ಗಾಡಿ ನಡುದಾರಿಯಲ್ಲಿ ದಮ್ಮು ಕಟ್ಟಿ ನಿಂತಿತಂತೆ. ಹಿಂದಕ್ಕೆ ಜಾರಿತು. ಅವನು ಒಂದು ಕಡೆಗೆ ಹಾರಿದ, ಕಾಲು ಕಲ್ಲಿನ ಮೇಲೆ ಬಿದ್ದು ಮುರಿಯಿತು. ಗಾಡಿ ಅಂಚು ದಾಟಿ ಪಕ್ಕದ ಹಳೆಯ ಖಣಿಯ ನೀರಿಗೆ ಬಿತ್ತು. ಕೆಲಸ ನಿಂತ ಖಣಿಗಳಲ್ಲಿ ತುಂಬುವ ಹಸಿರು ನೀರು ನಮ್ಮ ಕಡೆಯವರಿಗೆ ಗೊತ್ತು. ಅದರ ಆಳ ಯಾರೂ ನೋಡಿಲ್ಲ. ಗಾಡಿ ಅಲ್ಲೇ ಉಳಿಯಿತು. ಸಣ್ಣ ಗರಾರಿಯನ್ನು ನಾನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಎಸೆದೆ.

ಕಾಲು ಕೂಡಿತು. ಆದರೆ ಶರಣು ಮತ್ತೆ ಯಾವ ಗಾಡಿಯನ್ನೂ ಹತ್ತಲಿಲ್ಲ. "ನನ್ನ ಪಾದಕ್ಕ ಈಗ ತಿಳಿಯಂಗಿಲ್ಲ" ಎನ್ನುತ್ತಿದ್ದ. ನೆಲದ ಮೇಲೆ ನಡೆಯುವಾಗಲೂ ಗೋಡೆ ಹಿಡಿಯುತ್ತಿದ್ದ. ನಾನು ಗೇರೂ ಚೈನೂ ಇಲ್ಲದ ಸ್ಕೂಟರ್ ಕೊಂಡೆ. ಆದಿತ್ಯನಗರದ ಅಕ್ಕಂದಿರು, "ಮುದುಕರಾದ್ರೇನ್ರಿ ಅಣ್ಣಾರ?" ಎಂದು ಕಾಡಿದರು.

ಇನ್ನು ಹೇಳುವುದನ್ನು ನೀವು ನಂಬಬೇಕೆಂದೇನಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಒಂದು ಸಂಜೆ, ದೀಪ ಹಚ್ಚುವ ಹೊತ್ತಿಗೆ, ಪಡಸಾಲೆಯ ಪರಸಿಯ ಮೇಲೆ ಕೂತಿದ್ದ ಶರಣು ಅಂಗೈಯನ್ನು ನೆಲಕ್ಕೆ ಒತ್ತಿದ. "ಬರ್ಲಿಕತ್ತಾದ" ಎಂದ. ಯಾರು ಎಂದು ಕೈ ಮಾಡಿದೆ. "ನಮ್ಮ ಗಾಡಿ." ಸ್ವಲ್ಪ ಹೊತ್ತಿಗೆ, "ನಿಂತ್ತು" ಎಂದು ಕೈ ಎತ್ತಿಕೊಂಡ.

ವಾಡಿಯ ಕಡೆಗೆ ರೈಲು ಹೋದರೆ ನಮ್ಮ ನೆಲ ನಡುಗುತ್ತದೆ. ಸಿಮೆಂಟ್ ಫ್ಯಾಕ್ಟರಿಯವರು ಕಲ್ಲು ಸಿಡಿಸಿದರೆ ಕಪಾಟಿನ ಲೋಟಗಳು ಅದುರುತ್ತವೆ. ಹಾಗೆಂದೇ ಹೆಂಡತಿಗೆ ಸಮಜಾಯಿಷಿ ಹೇಳಿದೆ. ಆದರೆ ಸಂಜೆ ಸಂಜೆಗೂ ಅದೇ. ಬರ್ಲಿಕತ್ತಾದ. ನಿಂತ್ತು. ಆಮೇಲೆ ನನ್ನ ಮುಖ ನೋಡಿ ಕೇಳುತ್ತಿದ್ದ: "ನಿನಗ ಕೇಳ್ತದೇನಣ್ಣಾ? ಇಲ್ಲಾ, ನನ್ನ ಪಾದದಂಗ ಇದೂ ಸುಳ್ಳೇ?"

ನಾನು ಪ್ರತಿಸಲವೂ ತಲೆಯಾಡಿಸಿ ಇಲ್ಲ ಎನ್ನುತ್ತಿದ್ದೆ.

ನನಗೆ ಕೇಳಿಸುತ್ತಿತ್ತು. ಮೊದಲ ದಿನದಿಂದಲೇ. ನಮ್ಮದೇ ಗಾಡಿ, ದೂರದಲ್ಲಿ, ಏರು ಹತ್ತುವಾಗಿನ ದನಿ. ಬಡಿತದ ನಡುವೆ ಬಿಡುವು ಹೆಚ್ಚು, ದೊಡ್ಡ ಗರಾರಿಯ ಬಡಿತ. ಇನ್ನೇನು ಮೇಲೆ ಬಂತು ಎನ್ನುವಾಗ ಉಸಿರು ಕಟ್ಟಿ ನಿಲ್ಲುತ್ತಿತ್ತು. ಅಂಗಳದ ನಾಯಿ ಕಿವಿ ನಿಮಿರಿಸಿ ಬಾಗಿಲ ಕಡೆ ನೋಡಿ, ಮತ್ತೆ ತಲೆ ಇಳಿಸುತ್ತಿತ್ತು.

ಒಮ್ಮೆ ನಡುಮಧ್ಯಾಹ್ನ ಆ ಖಣಿಗೆ ಹೋಗಿದ್ದೆ. ಗಾಳಿ ಇರಲಿಲ್ಲ. ಹಸಿರು ನೀರಿನ ನಡುವೆ ಒಂದೇ ಕಡೆ ಸಣ್ಣ ಉಂಗುರಗಳು ಏಳುತ್ತಿದ್ದವು, ಒಂದಾದ ಮೇಲೆ ಒಂದು, ಬಿಡುವು ಕೊಟ್ಟು. ಮೀನಿರಬಹುದು ಎಂದುಕೊಂಡೆ. ಚಪ್ಪಲಿ ಬಿಟ್ಟು ಬಂಡೆಯ ಮೇಲೆ ನಿಂತೆ. ಪಾದಕ್ಕೆ ತಿಳಿದದ್ದನ್ನು ಯಾರಿಗೂ ಹೇಳಲಿಲ್ಲ. ಚಪ್ಪಲಿಯನ್ನು ಕೈಯಲ್ಲೇ ಹಿಡಿದು ರಸ್ತೆಯವರೆಗೆ ಓಡಿದೆ.

ಈ ಸಂಜೆ ಶರಣು ಚಹಾಕ್ಕೆ ಕೂತ. ಪಾತ್ರೆಯ ಕೆಳಗೆ ಅದು ಇನ್ನೂ ಇತ್ತು. ತೆಗೆದಿಡಬಹುದಿತ್ತು, ಬೆಳಗಿನಿಂದ ಎಷ್ಟೋ ಸಲ ಕೈ ಮುಂದೆ ಮಾಡಿದ್ದೆ. ಅವನು ಪಾತ್ರೆ ಸರಿಸಿ ಅದನ್ನು ಎತ್ತಿಕೊಂಡ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಹಲ್ಲುಗಳನ್ನು ಒಂದೊಂದಾಗಿ ಸವರಿದ.

"ಸಣ್ಣದು" ಎಂದ. "ಇದು ಗಾಡಿ ಜೋಡಿ ನೀರಾಗ ಹೋಗಿತ್ತಲ್ಲ?"

ನಾನು ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

"ಅವತ್ತು ಊರು ದಾಟೋದ್ರಾಗೇ ಪಾದಕ್ಕ ಹತ್ತಿತ್ತು, ದೊಡ್ಡದು ಅಂತ. ಆದ್ರ ನೀ ಕಿರುಬೆರಳು ತೋರ್ಸಿದ್ದಿ. ಅಣ್ಣ ಸುಳ್ಳು ಹೇಳಂಗಿಲ್ಲ, ಕಿವಿ ಹೋದಂಗ ಪಾದಾನೂ ಹೋದ್ವು ಅಂದ್ಕೊಂಡೆ. ಅದಕ್ಕ ಏರಿಗಿ ಬಿಟ್ಟೆ."

ಅವನು ಗರಾರಿಯನ್ನು ತೊಡೆಯ ಮೇಲಿಟ್ಟು, ರೂಢಿಯಂತೆ ಅಂಗೈಯನ್ನು ಪರಸಿಗೆ ಒತ್ತಿದ. ಹೊರಗೆ ನಾಯಿ ತಲೆ ಎತ್ತಿತು. "ಬರ್ಲಿಕತ್ತಾದ" ಎಂದು ನನ್ನ ಮುಖ ನೋಡಿದ.

ಬೆರಳಿನಿಂದ ಹೇಳಿದ ಸುಳ್ಳನ್ನು ಬೆರಳಿನಿಂದಲೇ ತೊಳೆಯಲು ನನಗೆ ಮನಸ್ಸಾಗಲಿಲ್ಲ. ನೆಲದ ಮೇಲಿದ್ದ ಅವನ ಕೈ ಹಿಡಿದು ನನ್ನ ಗಂಟಲಿನ ಮೇಲೆ ಇಟ್ಟುಕೊಂಡೆ. ತಣ್ಣಗಿತ್ತು ಆ ಕೈ. ದನಿ ಅವನ ಅಂಗೈಗೆ ತಾಗುವ ಹಾಗೆ, ತುಟಿ ಅವನಿಗೆ ಕಾಣುವ ಹಾಗೆ, ನಿಧಾನವಾಗಿ, ಗಟ್ಟಿಯಾಗಿ ಹೇಳಿದೆ:

"ಗರಾರಿ ನಾ ಬದಲಿ ಮಾಡಿದ್ದಿಲ್ಲ ಶರಣು. ನಿನ್ನ ಪಾದ ಖರೇನೇ ಹೇಳಿದ್ವು. ಈಗೂ ಖರೇನೇ ಹೇಳ್ಲಿಕತ್ತಾವ, ಗಾಡಿ ನನಗೂ ಕೇಳ್ತದ. ಸುಳ್ಳು ಹೇಳ್ದಾವ ನಾನು. ತಪ್ಪಾಯ್ತಪಾ ತಮ್ಮಾ."