ಇಪ್ಪತ್ತನಾಲ್ಕರ ಮುದುಕಿ

ಅವರ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಹದಿನೈದು ದಿನಕ್ಕೊಂದು ಭಾನುವಾರ, ಹುಣಸೂರಿನ ನಮ್ಮ ಬೀದಿಯ ಎಲ್ಲರಿಗೂ ಕಾಣುವಂತೆ ಜಗಲಿಯ ಮೇಲೆ ಕುಳಿತು, ಸವೆದುಹೋದ ಹಲ್ಲುಜ್ಜುವ ಬ್ರಷ್ಷಿನಿಂದ ತಲೆಗೆ ಕಪ್ಪು ಬಣ್ಣ ಹಚ್ಚಿಕೊಳ್ಳುತ್ತಿದ್ದರು. ಎಂಬತ್ತು ದಾಟಿದ ಹೆಂಗಸು. ಬಾಗಿಲು ಹಾಕಿಕೊಂಡು ಹಚ್ಚಿಕೊಂಡಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲವೇನೋ. ಅವರಿಗೆ ಆ ಮರೆ ಬೇಕಿರಲಿಲ್ಲ.

"ಎಂಬತ್ತಾದ್ರೂ ಶೋಕಿ ಬುಡ್ನಿಲ್ವಲ್ಲ ಈವಮ್ಮ" ಎಂದು ಹಾಲಿನವಳು ಬೇಕೆಂದೇ ಕೇಳಿಸುವ ಹಾಗೆ ಅನ್ನುತ್ತಿದ್ದಳು.

"ಇಪ್ಪತ್ನಾಕಕ್ಕೇ ಮುದುಕಿಯಾಗಿ ಮುಗ್ಸಿವ್ನಿ ಕಣೇ. ಈಗ್ಲಾದ್ರೂ ವಯಸ್ಗೆ ಬರ್ಬೇಡ್ವಾ? ನಿಂಗ್ಯಾಕೆ ಒಟ್ಟೆ ಉರಿ?"

ಹಾಲಿನವಳಿಗೆ ಅದು ತಮಾಷೆ. ಅವರು ಹೇಳುತ್ತಿದ್ದದ್ದು ನಿಜ. ಕಪ್ಪು-ಬಿಳುಪು ಕಾಲದ ಕನ್ನಡ ಸಿನಿಮಾಗಳಲ್ಲಿ ಅವರು ತಾಯಿಯಾಗಿದ್ದರು. ಮೊದಲ ಸಲ ತಾಯಿಯಾದಾಗ ಅವರ ವಯಸ್ಸು ಇಪ್ಪತ್ತನಾಲ್ಕು. 'ಅಮ್ಮಾ' ಎಂದು ಕೂಗಿಕೊಂಡು ಬಂದು ಅವರ ಕಾಲಿಗೆ ಬಿದ್ದ ನಾಯಕನಿಗೆ ನಲವತ್ತು. ಬೆಳಿಗ್ಗೆ ಕೂದಲಿಗೆ ಬಳಿದ ಬಿಳಿ ಬಣ್ಣ ರಾತ್ರಿಯವರೆಗೆ ನೆತ್ತಿಯನ್ನು ತಿನ್ನುತ್ತಿತ್ತಂತೆ. ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ತಿಕ್ಕಿದರೂ ದಿಂಬಿನ ಮೇಲೆ ಬೆಳ್ಳಗೆ ಉಳಿಯುತ್ತಿತ್ತಂತೆ.

ನಾನು ಅವರನ್ನು ಅಕ್ಕ ಎಂದು ಕರೆಯುತ್ತಿದ್ದೆ. ನನ್ನ ಅಜ್ಜಿಗಿಂತ ದೊಡ್ಡವರು, ಆದರೂ ಅಕ್ಕ. ಅದು ಅವರ ಆಜ್ಞೆ. ಊರಿನವರೆಲ್ಲ 'ಸಿನಿಮಾ ಅಮ್ಮ' ಎನ್ನುತ್ತಿದ್ದರು. ಹಾಗೆ ಕರೆದರೆ ಅವರು ತಿರುಗಿಯೂ ನೋಡುತ್ತಿರಲಿಲ್ಲ.

ನಮ್ಮಿಬ್ಬರ ಪರಿಚಯ ಜಗಳದಿಂದಲೇ ಶುರುವಾಯಿತು. ನಾನು ಆಗ ಪದವಿಯ ಎರಡನೇ ವರ್ಷದಲ್ಲಿದ್ದೆ, ಸುತ್ತಮುತ್ತಲಿನ ಯಾವ ಚರ್ಚಾಸ್ಪರ್ಧೆಯನ್ನೂ ಬಿಡುತ್ತಿರಲಿಲ್ಲ. ಕೆ.ಆರ್. ನಗರದಲ್ಲಿ ಒಂದು ಸ್ಪರ್ಧೆ. ಹಳೆಯ ಸಿನಿಮಾಗಳು ಹೆಣ್ಣನ್ನು ಗೌರವಿಸಿದವು ಎಂಬುದು ವಿಷಯ. ನನ್ನ ಪಾಲಿಗೆ 'ಪರ' ಬಂದಿತ್ತು. ನಮ್ಮ ತಾರಸಿಯ ಮೇಲೆ ನಿಂತು ಮೂರು ದಿನ ಕಿರುಚಿ ಅಭ್ಯಾಸ ಮಾಡಿದೆ: "ತಾಯಿಯ ಪಾದದ ಮೇಲೆ ನಾಯಕನ ತಲೆಯಿಡಿಸಿದ ಸಿನಿಮಾ ನಮ್ಮದು! ಇದಕ್ಕಿಂತ ಗೌರವ ಇನ್ನೇನು ಬೇಕು?" ಎದುರು ಮನೆಯ ಜಗಲಿಯಲ್ಲಿ ಕುಳಿತು ಅವರು ಅಷ್ಟನ್ನೂ ಕೇಳಿಸಿಕೊಂಡಿದ್ದರು. ನನಗೆ ಮೊದಲ ಬಹುಮಾನ ಬಂತು. ಅಮ್ಮ ಬೀದಿಗೆಲ್ಲ ಲಾಡು ಹಂಚಿಸಿದಳು.

"ಗೆದ್ಯಂತೆ?" ಎಂದರು ಅಕ್ಕ, ಲಾಡು ಮುರಿಯುತ್ತ.

"ಹೂಂ."

"ನೀ ಏಳಿದ್ನ ನೀನೇ ನಂಬ್ತೀಯಾ?"

"ನಂಬೋ ಪ್ರಶ್ನೆ ಬರಲ್ಲ. ನಂಗೆ ಪರ ಬಂದಿತ್ತು, ಪರ ಮಾತಾಡಿದೆ."

"ಅಂಗಾದ್ರೆ ನಂಗೂ ನಿಂಗೂ ಏನು ಯೆಚ್ಚು ಕಮ್ಮಿ ಇಲ್ಲ ಬುಡು. ನಂಗೆ ತಾಯಿ ಬಂತು, ತಾಯಿ ಮಾಡ್ದೆ." ಉಳಿದ ಚೂರನ್ನು ಬಾಯಿಗೆ ಹಾಕಿಕೊಂಡರು. "ಲಾಡು ಚೆನ್ನಾಗೈತೆ. ನಿನ್ನ ವಾದ ಅಳಸೋಗೈತೆ."

ನನಗೆ ಉರಿದುಹೋಯಿತು. ಆಗ ಅವರು ತಮ್ಮ ವಯಸ್ಸಿನ ಕಥೆ ಹೇಳಿದರು. ನಾನು ಯಾರ ಕಥೆಯನ್ನೂ ಸುಮ್ಮನೆ ನಂಬುವವಳಲ್ಲ. "ಆಗ ನಿಮಗೆ ಇಪ್ಪತ್ನಾಲ್ಕೇ ಅನ್ನೋದಕ್ಕೆ ಏನು ಸಾಕ್ಷಿ?" ಎಂದು ಕೇಳಿಯೇಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಸಿನಿಮಾದ ಹೆಸರು ಹೇಳಿ ಫೋನಿನಲ್ಲಿ ಹುಡುಕಿಸಿದರು. ದೇವರ ಮುಂದೆ ದೀಪ ಹಿಡಿದು ಮಗನಿಗಾಗಿ ಕಾಯುವ ತಾಯಿ.

"ನಿಲ್ಸು ಅದ್ನ. ಮೊಕ ನೋಡ್ಬೇಡ. ಕೈ ನೋಡು."

ಮುಖದ ಮೇಲೆ ಪೆನ್ಸಿಲ್ಲಿನಿಂದ ಎಳೆದ ಸುಕ್ಕುಗಳಿದ್ದವು. ತಲೆ ಬೆಳ್ಳಗಿತ್ತು. ದೀಪ ಹಿಡಿದಿದ್ದ ಕೈ ಮಾತ್ರ ದುಂಡಗೆ, ನುಣ್ಣಗೆ, ನನ್ನ ಕೈಯ ಹಾಗೆಯೇ ಇತ್ತು.

"ಕೈಗೆ ಮೇಕಪ್ಪು ಆಕಕ್ಕೆ ಒತ್ತಿಲ್ಲ ಅಂದ್ರು. ತಾಯಿ ಕೈಯ ಯಾರು ನೋಡ್ತಾರೆ ಅಂದ್ರು."

ಅವತ್ತು ನನಗೆ ಹತ್ತಿದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಐವತ್ತರ ಗಂಡಸು ಪುಸ್ತಕ ಎದೆಗೊತ್ತಿಕೊಂಡು ಕಾಲೇಜಿಗೆ ಹೋಗಬಹುದು, ಹದಿನೆಂಟರ ಹುಡುಗಿಯ ಸುತ್ತ ಹಾಡಬಹುದು. ಅವನ ಹೊಟ್ಟೆ ಯಾರ ಕಣ್ಣಿಗೂ ಬೀಳಬಾರದು. ಅದಕ್ಕೆ ಪಕ್ಕದಲ್ಲಿ ಒಬ್ಬಳನ್ನು ಮುದುಕಿ ಮಾಡಿ ನಿಲ್ಲಿಸಬೇಕು. ತಾಯಿ ಮುದುಕಿಯಾದಷ್ಟೂ ಮಗ ಹುಡುಗ. ಇಡೀ ಲೆಕ್ಕಾಚಾರ ಇಷ್ಟೇ. ನಾವು ಅದನ್ನು ಮಾತೃಭಕ್ತಿ ಎಂದು ಕರೆದು ಕಣ್ಣೊರೆಸಿಕೊಂಡೆವು. ನಾನಂತೂ ಅದಕ್ಕೆ ಬಹುಮಾನವನ್ನೂ ಗೆದ್ದುಕೊಂಡು ಬಂದೆ.

ಎದುರಾಳಿಗಳು ಎದ್ದು ಕೇಳಬಹುದು: ಆ ಪಾತ್ರಗಳನ್ನು ಒಪ್ಪಿಕೊಂಡಿದ್ದು ಅವರೇ ತಾನೆ? ನಾನೂ ಕೇಳಿದ್ದೆ. ಅವರಿದ್ದ ನಾಟಕ ಕಂಪನಿ ಮುಚ್ಚಿಹೋಗಿತ್ತು, ಮನೆಯಲ್ಲಿ ತಾಯಿ ಮತ್ತು ಇಬ್ಬರು ತಮ್ಮಂದಿರಿದ್ದರು. "ನಾ ಬ್ಯಾಡ ಅಂದಿದ್ರೆ ಇನ್ನೊಬ್ಳು ಬತ್ತಿದ್ಲು. ಅವ್ಳಿಗೆ ಇಪ್ಪತ್ತೆರಡು" ಎಂದು ನಕ್ಕಿದ್ದರು. ಒಮ್ಮೆ ಧೈರ್ಯ ಮಾಡಿ, ನಾಯಕಿಯ ಗೆಳತಿಯ ಪಾತ್ರವಾದರೂ ಕೊಡಿ ಎಂದು ಕೇಳಿದರಂತೆ. ನಿರ್ದೇಶಕರು ಗಲ್ಲ ಹಿಡಿದು, "ನಿನ್ನ ಕಣ್ಣೀರು ಎಷ್ಟು ನಿಧಾನವಾಗಿ ಇಳಿಯುತ್ತೆ ಗೊತ್ತಾ? ಅದನ್ನ ಹಾಳು ಮಾಡ್ಕೋಬೇಡ" ಎಂದರಂತೆ.

ಸಿನಿಮಾ ಬಿಟ್ಟ ಮೇಲೆ ಅವರು ಅತ್ತಿದ್ದನ್ನು ಯಾರೂ ನೋಡಿಲ್ಲ. ಬೀದಿಯಲ್ಲಿ ಸಾವಾದರೆ ಮೊದಲು ಹೋಗಿ ಒಲೆ ಹಚ್ಚಿ ಬಂದವರಿಗೆಲ್ಲ ಕಾಫಿ ಮಾಡುತ್ತಿದ್ದರು; ಅಳುವವರ ಸಾಲಿನಲ್ಲಿ ಕೂರುತ್ತಿರಲಿಲ್ಲ. ಮನೆಗೆ ಯಾರು ಬಂದರೂ ಊಟಕ್ಕೆ ಮೊದಲು ತಾವೇ ಕೂರುತ್ತಿದ್ದರು, ಬಿಸಿ ಮುದ್ದೆ ತಮ್ಮ ತಟ್ಟೆಗೇ ಮೊದಲು. "ಸಿನಿಮಾದಲ್ಲಿ ಬರೀ ಬಡಿಸಿವ್ನಿ. ಒಂದು ತುತ್ತು ಉಂಡಿದ್ದು ತೋರ್ಸಿದ್ರೆ ಏಳು."

ಎರಡು ವರ್ಷದ ಹಿಂದೆ ರಾಜ್ಯೋತ್ಸವಕ್ಕೆ ಪಟ್ಟಣದ ಒಂದು ಸಂಘದವರು ಅವರಿಗೆ ಸನ್ಮಾನ ಮಾಡಲು ಬಂದರು. ನಾನು ಅಲ್ಲೇ ಇದ್ದೆ.

"ನಿಮ್ಗೆ 'ಕರುಣಾಮಯಿ ಮಾತೆ' ಅಂತ ಬಿರುದು ಕೊಡ್ತಿದೀವಿ ಅಮ್ಮಾವ್ರೇ" ಎಂದರು ಕಾರ್ಯದರ್ಶಿ. "ಆ ಅಳೋ ಡೈಲಾಗ್ ಒಂದು ಹೇಳ್ಬುಟ್ರೆ ಸಾಕು. ಆಮೇಲೆ, ತಪ್ಪು ತಿಳ್ಕಬೇಡಿ, ಆ ಬಣ್ಣ ಒಂದು ಹಚ್ಕಬೇಡಿ. ತಾಯಿ ಥರ ಕಾಣ್ಬೇಕಲ್ವಾ?"

"ಬಣ್ಣ ಆಕ್ಕೊಂಡೇ ಬತ್ತೀನಿ. ಅತ್ತು ನಿಮಿಷ ಮಾತಾಡಕ್ಕೆ ಬುಡ್ಬೇಕು. ಆಗಲ್ಲ ಅಂದ್ರೆ ಬಿರುದು ನೀವೇ ಇಟ್ಕಳಿ."

"ಹತ್ತು ನಿಮಿಷ ತಾನೇ, ಕೊಡಣ ಬುಡಿ" ಎಂದು ಕಾರ್ಯದರ್ಶಿ ಒಪ್ಪಿದರು.

ಆಮೇಲೆ ಅಕ್ಕ ನನ್ನ ಕಡೆ ತಿರುಗಿದರು. "ಇಲ್ಲೀಗಂಟ ಆಡಿದ್ದೆಲ್ಲ ಯಾರೋ ಬರ್ಕೊಟ್ಟಿದ್ದು ಕಣೇ. ಸಾಯೋದ್ರೊಳ್ಗೆ ಒಂದ್ಸಲ ನಂದೇ ಮಾತ ಮೈಕಲ್ಲಿ ಆಡ್ಬೇಕು. ನಿಂಗೆ ವಾದ ಬತ್ತದಲ್ಲ, ಕಲ್ಸು."

ಮೂರು ವಾರ ದಿನವೂ ಸಂಜೆ ಕುಳಿತೆವು. ಅವರು ಹೇಳಿದರು, ನಾನು ಬರೆದುಕೊಂಡೆ. ಅವರ ಕಣ್ಣು ಮಂಜಾಗಿದ್ದರಿಂದ ದಪ್ಪ ದಪ್ಪ ಅಕ್ಷರದಲ್ಲಿ ಬರೆದೆ. ನಾನು ಸೇರಿಸಿದ ಅಲಂಕಾರಗಳನ್ನೆಲ್ಲ ಅವರು ಹೊಡೆದುಹಾಕಿಸಿದರು. ಗಡಿಯಾರ ಹಿಡಿದು ನೋಡಿದೆ, ಒಂಬತ್ತೂವರೆ ನಿಮಿಷ. ಬಾಯಿಪಾಠವೂ ಆಗಿತ್ತು. ಹಾಳೆಗಳನ್ನು ನನ್ನ ಕೈಗೇ ಕೊಟ್ಟು, "ಇದು ಬ್ಯಾಡ, ಇಡ್ಕೊಂಡ್ರೆ ಕೈ ನಡುಗ್ತದೆ" ಎಂದರು.

ಆ ಕಾರ್ಯಕ್ರಮದ ನಿರೂಪಣೆ ನನ್ನದು. ಮುಖ್ಯ ಅತಿಥಿಗಳು ಎರಡು ಗಂಟೆ ತಡವಾಗಿ ಬಂದರು. ಬಂದವರು ನಾಡುನುಡಿಯ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಆಮೇಲೆ ಶಾಲು, ಹಾರ, ಫಲಕ. ಕೊನೆಗೆ ಅಕ್ಕ ಮೈಕಿನ ಮುಂದೆ ನಿಂತರು. ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ತಲೆಗೆ ಬಿಳಿ ಬಳಿಸಿಕೊಂಡ ಆ ಮೊದಲ ಬೆಳಗನ್ನು ಹೇಳಿದರು. ಸಭೆ ಕೇಳುತ್ತಿತ್ತು. ನಿಜವಾಗಿ ಕೇಳುತ್ತಿತ್ತು.

ಎರಡು ನಿಮಿಷ ಆಗಿರಬೇಕು. ಕಾರ್ಯದರ್ಶಿ ನನ್ನ ಹಿಂದೆ ಬಂದು ನಿಂತರು. "ಸಾಹೇಬ್ರು ಹೊರಡ್ಬೇಕಂತೆ. ಒಂದು ಚೀಟಿ ಕೊಡಿ ಮೇಡಂ."

ಕೊಟ್ಟೆ.

ಯಾಕೆ ಕೊಟ್ಟೆ ಎಂಬುದಕ್ಕೆ ನನ್ನಲ್ಲಿ ಚೆಂದದ ವಾದವೊಂದಿದೆ, ಕೇಳಿ. ಚರ್ಚಾಸ್ಪರ್ಧೆಯಲ್ಲಿ ಗಂಟೆ ಹೊಡೆದರೆ ನಿಲ್ಲಿಸಬೇಕು, ಅದು ಎಲ್ಲರಿಗೂ ಒಂದೇ ನಿಯಮ, ನಾನು ಅದರಲ್ಲೇ ಬೆಳೆದವಳು. ವಾದ ಚೆನ್ನಾಗಿದೆಯಲ್ಲ? ಸಾಹೇಬರು ಮುಕ್ಕಾಲು ಗಂಟೆ ಮಾತಾಡಿದಾಗ ಯಾರೂ ನನ್ನ ಹತ್ತಿರ ಚೀಟಿ ಕೇಳಲಿಲ್ಲ. ನಾನಾಗಿಯೂ ಬರೆಯಲಿಲ್ಲ. ಒಂಬತ್ತೂವರೆ ನಿಮಿಷದ ಆ ಭಾಷಣದಲ್ಲಿ ಇನ್ನೂ ಏನೇನಿದೆ ಎಂದು ಇಡೀ ಸಭೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆ ನಾನೇ 'ದಯವಿಟ್ಟು ಮುಗಿಸಿ, ಡೈಲಾಗ್ ಹೇಳಿ' ಎಂದು ಬರೆದು ಅವರ ಮುಂದಿಟ್ಟೆ.

ಅವರು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, ಮೈಕಿನಲ್ಲಿಯೇ ಗಟ್ಟಿಯಾಗಿ ಓದಿದರು. ಸಭೆ ನಕ್ಕಿತು. "ಅಕ್ಸರ ದುಂಡಗವೆ" ಎಂದರು. ಸಭೆ ಮತ್ತೆ ನಕ್ಕಿತು. ನನ್ನ ಕಡೆ ನೋಡಲಿಲ್ಲ. ಡೈಲಾಗ್ ಹೇಳಲಿಲ್ಲ. ಹೋಗಿ ಕುಳಿತರು.

"ಭಾವುಕರಾಗಿದ್ದಾರೆ ಅನ್ನಿ, ಅನ್ನಿ" ಎಂದು ಕಾರ್ಯದರ್ಶಿ ಪಿಸುಗುಟ್ಟಿದರು. ಅಕ್ಕನ ಕಣ್ಣು ಒಣಗಿತ್ತು, ನನಗೆ ಕಾಣುತ್ತಿತ್ತು. "ಅಮ್ಮನವರು ಭಾವುಕರಾಗಿದ್ದಾರೆ" ಎಂದು ಮೈಕಿನಲ್ಲಿ ಹೇಳಿದೆ. ಅಮ್ಮನವರು ಎಂದೇ ಹೇಳಿದೆ.

ಮರುದಿನ ಬೆಳಿಗ್ಗೆ ಎದುರು ಮನೆಗೆ ಹೋದೆ. ರಾತ್ರಿಯೆಲ್ಲ ಕುಳಿತು ಜೋಡಿಸಿದ ಕಾರಣಗಳಿದ್ದವು. ಅವರು ಸೊಪ್ಪು ಬಿಡಿಸುತ್ತಿದ್ದರು.

"ಅಕ್ಕ, ಅವ್ರು ಒತ್ತಾಯ ಮಾಡಿದ್ರು..."

"ಕಟ್ ಅಂದೇಟ್ಗೆ ನಿಲ್ಸೋದು ಅಭ್ಯಾಸ ಆಗ್ಬುಟ್ಟೈತೆ ಕಣೇ. ಅದ್ಕೇ ನಿಲ್ಸ್ಬುಟ್ಟೆ. ಅವ್ರು ಅಂದಿದ್ರೆ ಬೇಜಾರಿರ್ಲಿಲ್ಲ. ನೀ ಅಂದ್ಬುಟ್ಟೆ."

"ಇನ್ನೊಂದು ಸಭೆ ಮಾಡಿಸ್ತೀನಿ ಅಕ್ಕ. ಪೂರ್ತಿ ಹತ್ತು ನಿಮಿಷ" ಎಂದೆ.

"ಮಾಡ್ಸು" ಎಂದರು. ಸೊಪ್ಪಿನ ಕಟ್ಟೊಂದನ್ನು ನನ್ನ ಮುಂದೆ ತಳ್ಳಿದರು. ಕುಳಿತು ಬಿಡಿಸಿದೆ.

ಮಾಡಿಸಲಿಲ್ಲ. ಪರೀಕ್ಷೆ ಬಂತು. ಆಮೇಲೆ ಹೆಗ್ಗಡದೇವನಕೋಟೆಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು, ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಎರಡು ಸಲ ಅವರೇ ಜಗಲಿಯಿಂದ ಕೂಗಿ ಕೇಳಿದರು, "ಸಭೆ ಯಾವಾಗ್ಲೇ?" ಮುಂದಿನ ತಿಂಗಳು ಅಕ್ಕ, ಎಂದೆ. ಮೂರನೇ ಸಲ ಕೇಳಲಿಲ್ಲ.

ಹೋದ ಮಾಘದಲ್ಲಿ ಒಂದು ಸಂಜೆ ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅಮ್ಮ ಫೋನು ಮಾಡಿದಳು. ಮಧ್ಯಾಹ್ನ ಊಟ ಮಾಡಿ ಮಲಗಿದ ಅಕ್ಕ ಏಳಲಿಲ್ಲವಂತೆ. ನಾನು ಬರುವ ಹೊತ್ತಿಗೆ ಸಂಘದವರು ಹಾರ ತಂದಿದ್ದರು. 'ಕರುಣೆಯ ಕಡಲು' ಎಂದರು ಒಬ್ಬರು. 'ನಮ್ಮೆಲ್ಲರ ತಾಯಿ' ಎಂದರು ಇನ್ನೊಬ್ಬರು. ಅವರಲ್ಲಿ ಒಬ್ಬನಿಗಾದರೂ ಆಕೆ ಏನು ಹೇಳಬೇಕೆಂದಿದ್ದರು ಎಂದು ಕೇಳುವ ಕುತೂಹಲ ಇರಲಿಲ್ಲ. ಅವರನ್ನು ಬೈಯುವ ಹಕ್ಕು ನನಗಿರಲಿಲ್ಲ, ಆದರೂ ಬೈದೆ.

ನಾನು ಮಾತು ಕೊಟ್ಟಿದ್ದ ಸಭೆ ಇನ್ನು ನಡೆಯುವುದಿಲ್ಲ. ಅವರ ಹಾಳೆಗಳು ನನ್ನ ಹತ್ತಿರ ಇವೆ. ನಾನು ತಡೆದ ಜಾಗದಿಂದ ಮುಂದೆ ಇದ್ದದ್ದರ ಕೊನೆಯ ಭಾಗ, ಅವರ ಬಾಯಲ್ಲಿ ಬಂದ ಹಾಗೆಯೇ, ಇದು:

"ಕಾಲಿಗೆ ಬಿದ್ದೋರು ಕಟ್ ಅಂದೇಟ್ಗೆ ಎದ್ದೋಗಿ ಕುರ್ಚಿ ಮೇಲೆ ಕೂತ್ಕತಿದ್ರು. ನಂಗೆ ಕುರ್ಚಿ ಇರ್ಲಿಲ್ಲ. ಅದಿನೆಂಟು ಸಿನಿಮಾದಲ್ಲಿ ಅನ್ನೊಂದು ಸಲ ಸತ್ತಿವ್ನಿ. ಕೆಮ್ಮಿ ಸತ್ತಿವ್ನಿ. ಮಗ ಬರ್ನಿಲ್ಲ ಅಂತ ಸತ್ತಿವ್ನಿ, ಮಗ ಬಂದ ಅಂತ್ಲೂ ಸತ್ತಿವ್ನಿ. ಒಂದ್ಸಲ ಕಾವೇರಿ ದಡದಲ್ಲಿ ಶೂಟಿಂಗು. ಹೀರೋಯಿನ್ನು ಮರಳ ಮೇಲೆ ಓಡ್ಬೇಕು. ಆಯಮ್ಮಂಗೆ ಓಡಕ್ಕೇ ಬತ್ತಿರ್ಲಿಲ್ಲ, ಎಡವಿ ಎಡವಿ ಬೀಳ್ತಿದ್ರು. ಅವ್ರಿಗಿಂತ ನಾನು ಎರಡೊರ್ಸ ಚಿಕ್ಕೋಳು. ಬಿಳಿ ತಲೆ ಒತ್ಕೊಂಡು ಮರದ ಕೆಳ್ಗೆ ನಿಂತಿದ್ದೆ. ತಡ್ಕಳಕ್ಕಾಗ್ನಿಲ್ಲ. 'ನಾ ಒಂದ್ಸಲ ಓಡಿ ತೋರಿಸ್ಲಾ ಸಾರ್?' ಅಂದೆ. ಎಲ್ರೂ ನಕ್ಕುಬುಟ್ರು. ನೀವೂ ಈಗ ನಗ್ತಿರ್ಬೋದು. ನಗಿ, ಬ್ಯಾಡ ಅನ್ನಲ್ಲ. ನಕ್ಕಾದ್ಮೇಲೆ ಇದೊಂದು ತಿಳ್ಕಳಿ. ನಾನು ಅವತ್ತು ಬಲು ಚೆನ್ನಾಗಿ ಓಡ್ತಿದ್ದೆ."