ಚಕ್ರದಡಿಯ ಕುಚಲಕ್ಕಿ

ಹಿಮ ಬಿದ್ದರೆ ಇವಳ ಕೈಲಿ ಕಾರು ಓಡಿಸಲು ಆಗದು ಎಂದು ಎಲ್ಲರೆದುರು ಹೇಳಿದವರು ನನ್ನ ಭಾವ. ಆ ಕ್ರಿಸ್‌ಮಸ್‌ಗೆ ಗೈದರ್ಸ್‌ಬರ್ಗ್‌ನ ತವರಿನಲ್ಲಿ ಅಮ್ಮನೊಡನೆ ಮುಂಚಿತವಾಗಿಯೇ ಹಬ್ಬದೂಟ ಮುಗಿಸಿ, ಇಪ್ಪತ್ತನಾಲ್ಕರ ಬೆಳಗ್ಗೆಯೇ ನಾನೂ ಗಂಡನೂ ಹತ್ತು ಗಂಟೆ ದಾರಿಯ ಸುವಾನಿ ಊರಿನ ಅತ್ತೆ ಮನೆಗೆ ಹೊರಟೆವು; ಕಾರು ಓಡಿಸುತ್ತಿದ್ದವಳು ನಾನೇ. ರಾತ್ರಿ ಚರ್ಚಿನ ಹಬ್ಬದ ಬಲಿಪೂಜೆಗೆ ತಲುಪಲೇಬೇಕಿತ್ತು.

ಸೌತ್ ಕೆರೊಲಿನಾದ ರೆಸ್ಟ್ ಏರಿಯಾದಲ್ಲಿ ಟೀ ಕುಡಿದು ಬರುವಷ್ಟರಲ್ಲಿ ನೆಲವೆಲ್ಲ ಹೆಪ್ಪುಗಟ್ಟಿತ್ತು. ಚಕ್ರಗಳು ನಿಂತಲ್ಲೇ ತಿರುಗಿದವು. ಪಕ್ಕದ ಪಿಕಪ್‌ನ ಮುದುಕ ಬಗ್ಗಿ ನೋಡಿ, "ಕೆಳಗೆ ಮರಳು ಹಾಕಬೇಕು ಮ್ಯಾಮ್, ಇಲ್ಲವೇ ಒರಟಾದ್ದು ಏನಾದರೂ" ಎಂದ.

ಅತ್ತೆಗೆಂದು ಅಮ್ಮ ಕೊಟ್ಟ ಕುಚಲಕ್ಕಿ ಚೀಲ ಟ್ರಂಕ್‌ನಲ್ಲಿತ್ತು.

"ಬೇಡ ಮಾರಾಯ್ತಿ, ಅಕ್ಕಿ ತುಳಿಯುವುದಾ? ನನ್ನ ಅಮ್ಮ ಕೇಳಿದರೆ?" ಎಂದರು ಗಂಡ.

"ಪೂಜೆ ತಪ್ಪಿದರೆ ನೀವು ಉತ್ತರ ಕೊಡ್ತೀರಾ?" ಎಂದವಳೇ ಚಕ್ರದಡಿಗೆ ಸುರಿದುಬಿಟ್ಟೆ. ಕಾರು ಕರಕರ ಎಂದು ಹೊರಬಂತು.

"ನಮ್ಮಲ್ಲಿ ಮದುವೆಗೆ ಮಾತ್ರ ಅಕ್ಕಿ ಎರಚುತ್ತೇವೆ!" ಎಂದು ಮುದುಕ ನಕ್ಕ.

ಪೂಜೆ ಸಿಕ್ಕಿತು. ಅತ್ತೆ ಖಾಲಿ ಚೀಲ ಮಡಚಿ, "ಬಂದಿರಲ್ಲ, ಸಾಕು. ಅಕ್ಕಿ ವಿಷಯ ನಾಳೆ ಮಾತಾಡುವಾ" ಎಂದರು.

ಈಗ ನನ್ನ ಹೆಸರಲ್ಲೇ, ಹಿಮದಲ್ಲೂ ಸಿಕ್ಕಿಕೊಳ್ಳದಂತೆ ನಾಲ್ಕೂ ಚಕ್ರ ಎಳೆಯುವ ಗಾಡಿ ಇದೆ. ಅದಕ್ಕೆ ಎರಡು ವರ್ಷದ ಶನಿವಾರಗಳ ದುಡಿಮೆ ಹೋಯಿತು. ಹಬ್ಬ ಬಂದಾಗಲೆಲ್ಲ ಅಕ್ಕಿಯ ಮಾತು ತೆಗೆಯುವ ಅತ್ತೆಯ ಆ ನಾಳೆ ಮಾತ್ರ ಇನ್ನೂ ಮುಗಿದಿಲ್ಲ.