ಹೊಳೆನರಸೀಪುರದ ಗಾಜಿನ ಬೀರು

ನನ್ನದು ಮೊದಲಿನಿಂದಲೂ ಅನುಮಾನದ ಬುದ್ಧಿ. ಅರಕಲಗೂಡಿನ ಪೇಟೆಯಲ್ಲಿ ನಮ್ಮದು ದಿನಸಿ ಅಂಗಡಿ. ರಾಗಿ ಮೂಟೆ ಬಂದರೆ ಮೇಲಿನ ಕಾಳು ನೋಡಿ ಒಪ್ಪುವವನಲ್ಲ ನಾನು. ಮೊಣಕೈವರೆಗೆ ಕೈ ತೂರಿಸಿ ತಳದ ಕಾಳು ಎತ್ತಿ ನೋಡಬೇಕು. ಐವತ್ತರ ದಶಕದ ಕೊನೆಗೆ ಅಪ್ಪ ತೀರಿಕೊಂಡರು, ತಂಗಿಗೆ ಗಂಡು ನೋಡುವ ಕೆಲಸ ನನ್ನ ಹೆಗಲಿಗೆ ಬಿತ್ತು. ಅದನ್ನೂ ಹಾಗೇ ಮಾಡಿದೆ.

ತಂಗಿ ಎಸ್ಸೆಸ್ಸೆಲ್ಸಿ ಓದಿದ್ದಳು. ಸಾಮಾನು ಕಟ್ಟಲು ತಂದ ಹಳೇ ಪೇಪರನ್ನೂ ಬಿಡುತ್ತಿರಲಿಲ್ಲ. "ಓದೋರ ಮನೆ ಆಗ್ಲಿ ಅಣ್ಣ, ಇನ್ನೇನೂ ಕೇಳಾಕಿಲ್ಲ" ಅಂದಿದ್ದಳು. ಆ ಮಾತನ್ನು ನಾನು ಮದುವೆ ದಲ್ಲಾಳಿಯ ಕಿವಿಗೆ ಹಾಕಿದೆ. ಎಂಟೇ ದಿನದಲ್ಲಿ ಅವನು, ಹೊಳೆನರಸೀಪುರದಲ್ಲೊಂದು ಗಂಡಿದೆ, ತಾಲ್ಲೂಕು ಕಚೇರಿ ಗುಮಾಸ್ತ, ಮನೆ ತುಂಬ ಪುಸ್ತಕ ಅಂತ ಬಂದು ನಿಂತ. ಇಷ್ಟು ಬೇಗ ಹೇಗಪ್ಪಾ ಸಿಕ್ಕಿತು ಅಂತ ನನಗೆ ಆಗಲೇ ಗುಮಾನಿ.

ನಾನೂ ದೊಡ್ಡಮ್ಮನೂ ಮನೆ ನೋಡಲು ಹೋದೆವು. ಆಗೆಲ್ಲ ಹಿತ್ತಾಳೆ ಪಾತ್ರೆಗಳ ಮೇಲೆ ಯಜಮಾನರ ಹೆಸರು ಕೊರೆಸುತ್ತಿದ್ದರು. ಬೀಗರಾಗುವವರು ಬರುತ್ತಾರೆ ಅಂದರೆ ಅಕ್ಕಪಕ್ಕದಿಂದ ಚೊಂಬು, ಜಮಖಾನ, ಕುರ್ಚಿ ಎರವಲು ತರುವುದೂ ಮಾಮೂಲಿ. ಅದಕ್ಕೇ ದೊಡ್ಡಮ್ಮ ಕುಡಿಯಲು ಕೊಟ್ಟ ನೀರಿನ ಲೋಟವನ್ನು ತಿರುಗಿಸಿ, ಹೆಸರನ್ನು ಸನ್ನೆಯಲ್ಲೇ ನನ್ನ ಕೈಲಿ ಓದಿಸಿದಳು. ಲೋಟ ಆ ಮನೆಯದೇ.

ನಡುಮನೆಯಲ್ಲಿ ಗಾಜಿನ ಬಾಗಿಲಿನ ಬೀರು ಇತ್ತು. ಪುಸ್ತಕಗಳಿಗೆಲ್ಲ ಕಂದು ಕಾಗದದ ರಟ್ಟು. ಪುರಾಣ, ಕಾದಂಬರಿ, ವ್ಯಾಕರಣ ಎಲ್ಲ ಇದ್ದವು. ತಂಗಿಯ ಅದೃಷ್ಟವೇ ಅದೃಷ್ಟ ಅಂದುಕೊಂಡೆ. ಆದರೆ ಕೈ ಸುಮ್ಮನಿರಬೇಕಲ್ಲ! ಮುಂದಿನ ಸಾಲಿನ ಹಿಂದೆ ಕೈ ತೂರಿಸಿದೆ. ಅಲ್ಲಿ ಇನ್ನೂ ಮೂರು ಪುಸ್ತಕ ಸಿಕ್ಕವು. ಮೂರೂ ಮೂರ್ಛೆರೋಗದ್ದು. ಒಂದಂತೂ ಓದಿ ಓದಿ ಬೈಂಡು ಸಡಿಲವಾಗಿ, ಪುಟದ ಮೂಲೆಗಳು ಎಣ್ಣೆಗಪ್ಪಾಗಿದ್ದವು. ಬಿದ್ದವರ ಹಲ್ಲಿನ ನಡುವೆ ಬಟ್ಟೆ ಇಡುವ ವಿಷಯ ಬಂದಲ್ಲೆಲ್ಲ ಪೆನ್ಸಿಲ್ ಗೀಟು.

"ಈ ಪುಸ್ತಕ ಯಾರಮ್ಮ ಓದಾದು?" ಅಂದೆ.

ಅಡುಗೆಮನೆಯಲ್ಲಿದ್ದ ಹುಡುಗನ ತಾಯಿಗೆ ನನ್ನ ಕೈಯಲ್ಲಿದ್ದದ್ದು ಕಾಣುತ್ತಿರಲಿಲ್ಲ. "ಎಲ್ಲಾನೂವೆ ನಮ್ ಮಗನೇ ಕಣಪ್ಪ! ಊಟ ಬುಟ್ರೂ ಓದಾದ್ ಬುಡಾಕಿಲ್ಲ!" ಅಂತ ಹೆಮ್ಮೆಯಿಂದ ಕೂಗಿದರು.

ಬೀರಿನ ಪಕ್ಕದಲ್ಲೇ ನಿಂತಿದ್ದ ಹುಡುಗ ಪುಸ್ತಕ ನೋಡಿದ. ಮುಖದ ರಕ್ತವೇ ಇಂಗಿಹೋಯಿತು. ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸಾಲಿನ ಹಿಂದಕ್ಕೆ ತಳ್ಳಿದ. ನನಗೆ ಅಷ್ಟು ಸಾಕಾಯಿತು. ಬಂದ ಕಾಫಿಯನ್ನೂ ಮುಟ್ಟದೆ ಎದ್ದೆವು. "ಮಗ ಬಿದ್ ಒದ್ದಾಡ್ತಾನೆ ಅಂತ ಗೊತ್ತಿದ್ದೂ ಎಣ್ಣು ಕೇಳ್ತಾರಲ್ಲ, ಏನ್ ಜನಾನೋ!" ಅಂತ ದೊಡ್ಡಮ್ಮ ಬಸ್ಸಿನುದ್ದಕ್ಕೂ ಬೈದಳು. ತಂಗಿಗೆ ವಿಷಯ ಹೇಳಿದೆ. ಪಾಪ, ಎದ್ದು ಒಳಗೆ ಹೋದಳು.

ಮುಂದಿನ ಭಾನುವಾರ ಹುಡುಗ ಒಬ್ಬನೇ ನಮ್ಮ ಮನೆಗೆ ಬಂದ. ಹಾಗೆ ಗಂಡೇ ಬರುವುದು ಎಲ್ಲಾದರೂ ಉಂಟೇ! ಇದರಲ್ಲಿ ಇನ್ನೇನು ಮಸಲತ್ತು ಇದೆಯೋ ಅಂತ ನಾನು ಬಾಗಿಲಲ್ಲೇ ನಿಂತೆ. ತಂಗಿ ಅಡುಗೆಮನೆಯ ಕದದ ಹಿಂದಿದ್ದಳು.

"ನಂಗೆ ಯಾವ ಕಾಯ್ಲೆನೂ ಇಲ್ಲ ಸಾ. ಬೀರೂ ನಂದಲ್ಲ, ಪುಸ್ತಕಾನೂ ನಂದಲ್ಲ. ನಮ್ಮವ್ವ ಒಬ್ಬರ ಮನೆಯಿಂದ ತರಿಸಿಟ್ಟಿದ್ಲು. ನಾನು ಕಚೇರಿ ಕಾಗದ ಬುಟ್ರೆ ಬೇರೆ ಏನೂ ಓದೋನಲ್ಲ."

"ಯಾರ ಮನೆಯಿಂದ?"

"ಅದೊಂದ್ ಕೇಳ್ಬೇಡಿ ಸಾ. ಅವರ ಮನೇಲೂ ಮದುವೆಗೆ ಬಂದ ಎಣ್ಣುಮಗಳು ಒಬ್ಳು ಅವ್ಳೆ, ಈ ಕಾಯ್ಲೆ ಸುದ್ದಿ ಹಬ್ಬುದ್ರೆ ಅವಳ ಮದುವೆ ಆಗಾಕಿಲ್ಲ."

ನನಗೆ ರೇಗಿತು. ಇದನ್ನು ಹೇಗೆ ನಂಬುವುದು? ಸುಳ್ಳು ಹೇಳುವವರೆಲ್ಲ ಹೆಸರು ಹೇಳದೆ ಜಾರಿಕೊಳ್ಳುವವರೇ. "ಹೆಸರು ಹೇಳಿ, ನಾನು ಹೋಗಿ ವಿಚಾರಿಸ್ತೀನಿ. ನಿಜ ಆದ್ರೆ ನಾಳೆನೇ ವೀಳ್ಯ ಬದಲಾಯಿಸೋಣ. ಹೇಳಲ್ವಾ, ನಿಮಗೇ ಕಾಯಿಲೆ ಅಂತ ತಿಳ್ಕೋತೀನಿ."

ಅವನು "ಅಂಗೇ ತಿಳ್ಕಳಿ ಸಾ" ಅಂದು ಚಪ್ಪಲಿ ಮೆಟ್ಟಿದ.

ಕದ ತೆರೆದ ಸದ್ದಾಯಿತು. ತಂಗಿ ನಡುಮನೆಗೇ ಬಂದುಬಿಟ್ಟಿದ್ದಳು.

"ಅವರನ್ನ ಒಳೀಕ್ ಕರಿ ಅಣ್ಣ, ಕಾಫಿ ಕುಡ್ಕೊಂಡ್ ಓಗ್ಲಿ. ಅವರ ಮನೇಲಿ ಪುಸ್ತಕ ಇಲ್ದಿದ್ರೇನಂತೆ, ನಾನೇ ತಗಂಡೋಯ್ತೀನಿ."